ಮುನ್ನೂರು ಹುಳು, ಹನ್ನೆರಡು ಖಾಲಿ ಹಾಳೆ

ಬೆಂಗಳೂರಿನ ಒಂದು ಚಿತ್ರಕಲಾ ಗ್ಯಾಲರಿಯಲ್ಲಿ ಚಿತ್ರ ನೇತುಹಾಕುವವನಾಗಿ ನಾನು ಮೂವತ್ತೊಂದು ವರ್ಷ ದುಡಿದೆ. ಆ ಅವಧಿಯಲ್ಲಿ ನನ್ನ ಹುದ್ದೆಯ ಹೆಸರು ಮೂರು ಸಲ ಬದಲಾಯಿತು, ಕೆಲಸ ಮಾತ್ರ ಹಾಗೇ ಇತ್ತು. ಹಾಗಾಗಿ ಆ ಹೆಸರುಗಳ ವಿಚಾರ ಇಲ್ಲಿ ಬೇಡ. ಈಗ ಈ ಕೆಲಸಕ್ಕೆ ಬರುವವರು ಕಾಲೇಜಿನಲ್ಲಿ ಓದಿಕೊಂಡೇ ಬರುತ್ತಾರೆ. ಗೋಡೆಗೆ ಯಾವ ಬಿಳಿ ಬಳಿಯಬೇಕು, ಬೆಳಕು ಎಷ್ಟು ಓರೆಯಾಗಿ ಬೀಳಬೇಕು ಎಂಬುದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಿಲ್ಲದ ಒಂದೆರಡು ಸಂಗತಿ ನನ್ನ ಹತ್ತಿರ ಇರಬಹುದು ಎಂದು ಬರೆಯಲು ಕೂತೆ. ಬರೆಯುತ್ತಾ ಹೋದರೆ ನೆನಪಾಗುವುದೆಲ್ಲ ನಾನು ಮಾಡಿದ ತಪ್ಪುಗಳೇ. ಅವುಗಳಲ್ಲಿ ಒಂದು ಮುನ್ನೂರು ಜೀವಗಳನ್ನು ತೆಗೆದುಬಿಡುವುದರಲ್ಲಿತ್ತು.

ನಾನು ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ, ಸಂಸಾರ ಹೂಡಿದ್ದು ಮದ್ದೂರಿನಲ್ಲಿ. ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಬರುತ್ತಿದ್ದೆ. ನಮ್ಮ ಬೋಗಿಯಲ್ಲಿ ಬ್ಯಾಂಕಿನವರು, ಸರ್ಕಾರಿ ಕಚೇರಿಯವರು, ಕಾರ್ಖಾನೆಯವರು, ಎಲ್ಲ ಮಂಡ್ಯ, ಮದ್ದೂರಿನಲ್ಲಿ ಹತ್ತಿದವರೇ. ಅವರಿಗೆ ನನ್ನ ಕೆಲಸ ಒಂದು ತಮಾಷೆ. ಗೋಡೆಗೆ ಮೊಳೆ ಹೊಡೆಯಲು ದಿನಾ ಬೆಂಗಳೂರಿಗೆ ಹೋಗಬೇಕೇ, ಮದ್ದೂರಿನಲ್ಲಿ ಗೋಡೆ ಇಲ್ಲವೇ ಎಂದು ರೇಗಿಸುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಏನು ಕಂಡೆ ಎಂಬುದನ್ನು ಅವರಿಗೆ ಹೇಳುವುದು ಹೇಗೆ ಎಂದು ನನಗೆ ತಿಳಿದಿರಲಿಲ್ಲ.

ಆ ದಿನ ಮರದ ಪೆಟ್ಟಿಗೆಯೊಂದನ್ನು ಬಿಚ್ಚಿದಾಗ ಒಂದಾಳೆತ್ತರದ ಚಿತ್ರ ಹೊರಬಂತು. ಇಡೀ ಚಿತ್ರ ಕಪ್ಪು, ಮತ್ತೇನೂ ಇಲ್ಲ. ಬರುವಾಗ ದಾರಿಯಲ್ಲಿ ಮಸಿ ಚೆಲ್ಲಿಹೋಗಿದೆ ಎಂದೇ ನಾನು ತಿಳಿದೆ. ಆಗಿನ ವ್ಯವಸ್ಥಾಪಕರು ಶ್ರೀಕಂಠಯ್ಯನವರು. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಒಂದು ಸ್ಟೂಲು ತರಿಸಿ, ಅದರ ಮುಂದೆ ಕೂತು ಒಂದು ಲೋಟ ಟೀ ಕುಡಿ ಎಂದರು. ನಾನು ಕೂತೆ. ಟೀ ಅರ್ಧಕ್ಕೆ ಬರುವಷ್ಟರಲ್ಲಿ ಆ ಕಪ್ಪಿನ ಒಳಗಿಂದ ಕೆಂಪು ಬಣ್ಣವೊಂದು ಮೆಲ್ಲಗೆ ಮೇಲೆದ್ದು ಬಂತು. ಅದರ ಬೆನ್ನಿಗೇ ಹಸಿರು. ಆಮೇಲೆ ಒಂದು ದಾರಿಯೇ ಕಾಣಿಸಿತು. ಲೋಟದಲ್ಲಿದ್ದ ಟೀ ತಣ್ಣಗಾಗಿಹೋಯಿತು. ಅಂದಿನಿಂದ ನಿವೃತ್ತಿಯ ದಿನದವರೆಗೆ, ಒಂದು ಟೀ ಕುಡಿಯುವಷ್ಟು ಹೊತ್ತು ಮುಂದೆ ಕೂರದೆ ಯಾವ ಚಿತ್ರಕ್ಕೂ ನಾನು ಮೊಳೆ ಹೊಡೆದಿಲ್ಲ.

ಆಗ ನಮ್ಮ ಸಲಕರಣೆ ಎಂದರೆ ಸುಣ್ಣದಲ್ಲಿ ಅದ್ದಿದ ನೂಲು, ಗಾರೆಯವರ ತೂಗುಗುಂಡು, ಸುತ್ತಿಗೆ, ಇಷ್ಟೇ. ನೂಲನ್ನು ಈ ತುದಿಯಿಂದ ಆ ತುದಿಗೆ ಎಳೆದು, ನಡುವೆ ಹಿಡಿದು ಟಪ್ಪೆಂದು ಬಿಟ್ಟರೆ ಗೋಡೆಯ ಮೇಲೆ ಗೆರೆ ಮೂಡುತ್ತಿತ್ತು. ಆಮೇಲೆ ಗೋಡೆಯ ತಲೆಗೆ ಕಂಬಿ ಬಂತು, ಕಂಬಿಯಿಂದ ತಂತಿ ಇಳಿಯಿತು, ಮೊಳೆ ಹೋಯಿತು. ಈಗ ಕೆಂಪು ಬೆಳಕಿನ ಗೆರೆ ಬಿಡುವ ಪುಟ್ಟ ಯಂತ್ರ ಬಂದಿದೆ. ಅದು ನನಗಿಂತ ನೇರ, ಒಪ್ಪುತ್ತೇನೆ. ಆದರೆ ನಮ್ಮ ಹಳೆಯ ಕಟ್ಟಡದ ನೆಲವೇ ಒಂದು ಕಡೆಗೆ ವಾಲಿತ್ತು. ಯಂತ್ರ ಹೇಳಿದಂತೆ ಹಾಕಿದರೆ ಚಿತ್ರ ಸೊಟ್ಟಗಿದ್ದಂತೆ ಕಾಣುತ್ತಿತ್ತು. ಎರಡು ಹೆಜ್ಜೆ ಹಿಂದೆ ಸರಿದು ಕಣ್ಣಿನಿಂದ ನೋಡಿ, ಯಂತ್ರ ಏನೇ ಹೇಳಲಿ, ಒಂದು ಕೂದಲೆಳೆಯಷ್ಟು ಬಗ್ಗಿಸಬೇಕಾಗುತ್ತಿತ್ತು.

ಬಾಯಿ ಬಿಟ್ಟು ಕೆಟ್ಟ ಪ್ರಸಂಗವೂ ಒಂದಿದೆ. ದೊಡ್ಡ ಹೆಸರಿನ ಕಲಾವಿದರೊಬ್ಬರು ಭತ್ತದ ನಾಟಿಯ ಚಿತ್ರ ಬರೆದಿದ್ದರು. ನೀರಿನ ಹೊಳಪು ಎಂಥದ್ದೆಂದರೆ ಮುಟ್ಟಿದರೆ ಕೈ ಒದ್ದೆಯಾಗುತ್ತದೇನೋ ಅನ್ನಿಸುತ್ತಿತ್ತು. ಆದರೆ ನಾಟಿ ಹಾಕುವ ಹೆಂಗಸರು ಮುಂದಕ್ಕೆ ಹೆಜ್ಜೆ ಇಡುತ್ತಿದ್ದರು. ನಾಟಿ ಹಾಕುವವರು ಹಿಂದಕ್ಕೆ ನಡೆಯುತ್ತಾರೆ ಸಾರ್, ಮುಂದಕ್ಕೆ ನಡೆದರೆ ನೆಟ್ಟ ಪೈರನ್ನು ತಾವೇ ತುಳಿಯುತ್ತಾರೆ ಎಂದುಬಿಟ್ಟೆ. ಅವರ ಮುಖ ಬಾಡಿತು. ಶ್ರೀಕಂಠಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, ಕೆಲಸದ ಹೊತ್ತಿನಲ್ಲಿ ಬಾಯಲ್ಲಿ ಮೊಳೆ ಕಚ್ಚಿಕೊಂಡಿರು, ಆಗ ಮಾತು ಬರುವುದಿಲ್ಲ ಎಂದು ಗದರಿದರು. ಪ್ರದರ್ಶನ ಮುಗಿದ ದಿನ ಆ ಕಲಾವಿದರೇ ನನ್ನನ್ನು ಹುಡುಕಿಕೊಂಡು ಬಂದು, ಪೈರಿನ ಕಟ್ಟನ್ನು ಯಾವ ಕೈಯಲ್ಲಿ ಹಿಡಿಯುತ್ತಾರೆ ಎಂದು ಕೇಳಿದರು. ನಾನು ನೆಲದ ಮೇಲೆ ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡುತ್ತಾ ತೋರಿಸಿದೆ. ಅಷ್ಟು ದೊಡ್ಡ ಮನುಷ್ಯ ನನ್ನ ಪಕ್ಕದಲ್ಲಿ ಬಗ್ಗಿ ಹಾಗೇ ಹೆಜ್ಜೆ ಇಟ್ಟರು.

ನನಗೊಂದು ಅಭ್ಯಾಸವಿತ್ತು. ಕೊನೆಯ ಚಿತ್ರ ಗೋಡೆಗೇರಿದ ಮೇಲೆ, ಉದ್ಘಾಟನೆಗೆ ಮುಂಚೆ, ಯಾರೂ ಇಲ್ಲದಾಗ ಮೊದಲ ಚಿತ್ರದ ಕೆಳಗೆ ಒಂದು ಊದುಗಡ್ಡಿ ಹಚ್ಚಿಡುತ್ತಿದ್ದೆ. ಚಿತ್ರದಲ್ಲಿ ದೇವರಿರಲಿ, ಬರೀ ಗೀಟು ಇರಲಿ, ಊದುಗಡ್ಡಿ ಮಾತ್ರ ತಪ್ಪುತ್ತಿರಲಿಲ್ಲ. ಇಷ್ಟೆಲ್ಲ ಕಂಡು ಕೈಮುಗಿಯದೆ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. ಶ್ರೀಕಂಠಯ್ಯನವರಿಗೆ ಇದು ಗೊತ್ತಿತ್ತು, ಅವರು ಕಂಡೂ ಕಾಣದಂತೆ ಇದ್ದುಬಿಟ್ಟರು. ಅವರು ನಿವೃತ್ತರಾದ ಮೇಲೆ ಬಂದ ಮ್ಯಾನೇಜರ್ ಮೇಡಂಗೆ ಇದು ಗೊತ್ತೇ ಇರಲಿಲ್ಲ.

ನನ್ನ ನಿವೃತ್ತಿಗೆ ಎರಡು ವರ್ಷ ಇರುವಾಗ ವಿನುತಾ ಬಂದಳು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಹುಡುಗಿ, ಇಪ್ಪತ್ತೆಂಟು ಇಪ್ಪತ್ತೊಂಬತ್ತು ವಯಸ್ಸು. ಅದು ಅವಳ ಮೊದಲ ಪ್ರದರ್ಶನ. ಸಾಮಾನು ತೋರಿಸು ಎಂದರೆ ಹನ್ನೆರಡು ಖಾಲಿ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಳು. ಇನ್ನು ಮುನ್ನೂರು ರೇಷ್ಮೆ ಹುಳು ಬೇಕು, ಅವು ಎಲ್ಲಿ ಸಿಗುತ್ತವೆ ಎಂದು ನನ್ನನ್ನೇ ಕೇಳಿದಳು.

ಅವಳ ಲೆಕ್ಕಾಚಾರ ಹೀಗಿತ್ತು. ಹುಳುಗಳು ಗ್ಯಾಲರಿಯಲ್ಲೇ ಹಿಪ್ಪುನೇರಳೆ ಸೊಪ್ಪು ತಿನ್ನಬೇಕು, ಗೂಡು ಕಟ್ಟಬೇಕು, ಗೂಡು ಸೀಳಿಕೊಂಡು ಚಿಟ್ಟೆಯಾಗಿ ಹೊರಬರಬೇಕು. ಆ ಚಿಟ್ಟೆಗಳು ಆ ಹಾಳೆಗಳ ಮೇಲೆ ಮೊಟ್ಟೆ ಇಡಬೇಕು. ಅಲ್ಲಿಯವರೆಗೆ ಗೋಡೆಯ ಮೇಲೆ ಖಾಲಿ ಹಾಳೆಗಳೇ ಇರುತ್ತವೆ. ಅವಳ ತಾಯಿ ಕಿರುಗಾವಲಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವರು, ಜೀವನವಿಡೀ ಕುದಿಯುವ ನೀರಿನಲ್ಲಿ ಬೆರಳು ಅದ್ದಿ ಗೂಡಿನ ಎಳೆ ಹುಡುಕಿದವರು. ಅವರು ತೀರಿಕೊಂಡು ಒಂದು ವರ್ಷವಾಗಿತ್ತು.

"ನಮ್ಮಮ್ಮನ ಕೈಗೆ ಬಂದ ಗೂಡು ಒಂದೂ ಎದ್ದು ಬರ್ಲಿಲ್ಲ ಅಣ್ಣ, ಎಲ್ಲ ಬೆಂದೋದ್ವು," ಎಂದಳು. "ಒಂದು ಸಲ, ಒಂದು ತಂಡ ಪೂರ್ತಿ ಎದ್ದು ಬರ್ಬೇಕು. ಅಷ್ಟೇ ನಂಗೆ ಬೇಕಾಗಿರೋದು."

ಮ್ಯಾನೇಜರ್ ಮೇಡಂ ಹುಬ್ಬೇರಿಸಿದರು, ಆದರೂ ಒಪ್ಪಿಕೊಂಡರು. ಒಂದು ತಿಂಗಳು ಸಭಾಂಗಣ ಕೊಡುತ್ತೇವೆ, ಹುಳುಗಳು ಸತ್ತರೆ ಅದೇ ದಿನ ಖಾಲಿ ಮಾಡಬೇಕು, ಕಾಯುತ್ತಿರುವ ಕಲಾವಿದರು ಬಹಳ ಜನ ಇದ್ದಾರೆ ಎಂದರು.

ಹುಳುಗಳನ್ನು ಕೊಟ್ಟವಳು ನನ್ನ ಅಕ್ಕ ಚಿಕ್ಕತಾಯಮ್ಮ. ಪೂರಿಗಾಲಿಯಲ್ಲಿ ನಲವತ್ತು ವರ್ಷದಿಂದ ರೇಷ್ಮೆ ಬೆಳೆಯುತ್ತಿರುವವಳು. ಹುಳುಗಳು ನಾಲ್ಕು ಸಲ ಪೊರೆ ಬಿಡುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳುಗಳನ್ನು ಅಕ್ಕ ಬುಟ್ಟಿಯಲ್ಲಿಟ್ಟು ಮದ್ದೂರಿಗೆ ತಂದುಕೊಟ್ಟಳು. ಕೊಡುವಾಗ ಸಾಕುವ ಕಟ್ಟುಪಾಡುಗಳನ್ನು ನನಗೆ ಮಗ್ಗಿಯಂತೆ ಹೇಳಿಸಿದಳು. ಕೈಕಾಲು ತೊಳೆಯದೆ ಒಳಗೆ ಹೋಗಬಾರದು, ಸೆಂಟು ಹಾಕಿದವರು ಹತ್ತಿರ ಬರಬಾರದು, ಬೀಡಿ, ಸೊಳ್ಳೆಬತ್ತಿ, ಊದುಗಡ್ಡಿ ಯಾವುದರ ಹೊಗೆಯೂ ಸೋಕಬಾರದು. ಇದೆಲ್ಲ ನನಗೆ ಹೊಸದೇನಲ್ಲ. ಚಿಕ್ಕಂದಿನಲ್ಲಿ ಹುಳುಮನೆಯ ಬಾಗಿಲಿನ ಹತ್ತಿರ ಒಗ್ಗರಣೆ ಹಾಕಿದರೂ ನಮ್ಮವ್ವ ಕೂಗಾಡುತ್ತಿದ್ದಳು.

ಸಭಾಂಗಣದ ನಡುವೆ ನಾಲ್ಕು ಅಟ್ಟಣೆ ಕಟ್ಟಿ ಬಿದಿರಿನ ತಟ್ಟೆಗಳನ್ನು ಇಟ್ಟೆವು. ಹೊಗೆಯ ವಿಷಯವನ್ನು ನಾನೇ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ಉದ್ಘಾಟನೆಗೆ ದೀಪ ಹಚ್ಚಬೇಡಿ ಎಂದು ಮೇಡಂಗೆ ಹೇಳಿ ಒಪ್ಪಿಸಿದೆ. ಆಮೇಲೆ ಹನ್ನೆರಡು ಹಾಳೆಗಳಿಗೆ ಚೌಕಟ್ಟು ಕೂರಿಸಿ ಗೋಡೆಗೆ ಏರಿಸಿದೆ. ಖಾಲಿ ಹಾಳೆಯ ಮುಂದೆಯೂ ಟೀ ಕುಡಿದೆ, ಬಿಡಲಿಲ್ಲ. ಆಗ ಕೇಳಿಸಿತು ಹುಳುಗಳು ಸೊಪ್ಪು ತಿನ್ನುವ ಸದ್ದು, ಕಬ್ಬಿನ ಗರಿಯ ಮೇಲೆ ತುಂತುರು ಬಿದ್ದ ಹಾಗೆ. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಊರಿನಲ್ಲಿ ಅದರ ಜೊತೆಗೆ ಮಾತು, ದನ, ಪಂಪ್‌ಸೆಟ್ಟು, ಎಲ್ಲ ಇರುತ್ತದೆ. ಆ ಬಿಳಿ ಗೋಡೆಗಳ ನಡುವೆ ಅದು ಒಂದೇ ಇತ್ತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಇಷ್ಟು ದೊಡ್ಡ ಸಂಗತಿಯನ್ನು ಮನೆಯಲ್ಲೇ ಇಟ್ಟುಕೊಂಡು ನಾವು ಕಿವಿಗೆ ಹಾಕಿಕೊಂಡಿರಲಿಲ್ಲವಲ್ಲ ಎಂದು ಬೆರಗಾಯಿತು.

ಆ ಬೆರಗಿನಲ್ಲೇ ನನ್ನ ಕೈ ಅಂಗಿಯ ಜೇಬಿಗೆ ಹೋಯಿತು. ಮೊದಲ ಹಾಳೆಯ ಕೆಳಗೆ ಊದುಗಡ್ಡಿ ಹಚ್ಚಿ, ಕೈಮುಗಿದು, ಬಾಗಿಲು ಎಳೆದುಕೊಂಡು ಊಟಕ್ಕೆ ಹೋದೆ.

ತಟ್ಟೆಯ ಮುಂದೆ ಕೂತು ಮೊದಲ ತುತ್ತು ಬಾಯಿಗಿಟ್ಟಾಗ ನೆನಪಾಯಿತು. ಓಡಿ ಬಂದೆ. ಊದುಗಡ್ಡಿ ಮುಕ್ಕಾಲು ಉರಿದಿತ್ತು. ಕಿತ್ತು ಹೊರಗೆಸೆದೆ, ಬೂದಿ ಒರೆಸಿದೆ, ಕಿಟಕಿಗಳನ್ನೆಲ್ಲ ತೆಗೆದೆ. ಸದ್ದು ನಿಂತುಹೋಗಿತ್ತು. ಹುಳುಗಳು ಸೊಪ್ಪು ಬಿಟ್ಟು ತಲೆ ಮೇಲೆತ್ತಿ ಅಲುಗಾಡದೆ ಕೂತಿದ್ದವು. ಕೆಲವು ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು.

ಆಮೇಲೆ ನಾನು ಮಾಡಿದ್ದು ಊದುಗಡ್ಡಿಗಿಂತ ದೊಡ್ಡ ತಪ್ಪು. ವಿನುತಾ ಬಂದು ಹುಳುಗಳನ್ನು ಕಂಡು ಬಿಳಿಚಿಕೊಂಡಳು. ಬೆಳಿಗ್ಗೆ ತಾನು ಕೈಗೆ ಯಾವುದೋ ಕ್ರೀಮು ಹಚ್ಚಿಕೊಂಡಿದ್ದೆ, ಅದೇ ಕೈಯಲ್ಲಿ ಸೊಪ್ಪು ಹಾಕಿದೆ, ಅದರಿಂದಲೇ ಹೀಗಾಯಿತು ಎಂದು ಅಳತೊಡಗಿದಳು. ನಲ್ಲಿಯ ಕೆಳಗೆ ನಿಂತು ಚರ್ಮ ಕಿತ್ತುಬರುವ ಹಾಗೆ ಕೈ ಉಜ್ಜಿದಳು. ನಾನು ನೋಡುತ್ತಾ ನಿಂತೆ. ಬಾಯಿ ಬಿಡಲಿಲ್ಲ. ಮೂವತ್ತು ವರ್ಷದ ಮರ್ಯಾದೆ ಒಂದು ಮಾತಿನಲ್ಲಿ ಹೋಗುತ್ತದೆ ಎಂಬ ಭಯ. ಇದನ್ನು ಬರೆಯುವಾಗ ಇವತ್ತಿಗೂ ನಾಚಿಕೆಯಾಗುತ್ತದೆ.

ಅಕ್ಕನಿಗೆ ಫೋನು ಮಾಡಿ ಹುಳು ಸೊಪ್ಪು ಮುಟ್ಟುತ್ತಿಲ್ಲ ಎಂದಷ್ಟೇ ಹೇಳಿದೆ. ತಟ್ಟೆ ಬದಲಾಯಿಸಿ, ಗಾಳಿ ಆಡುವಂತೆ ಬಿಟ್ಟು, ತಾನು ಬರುವವರೆಗೆ ಸೊಪ್ಪು ಹಾಕಬೇಡಿ ಎಂದಳು. ಹೊಸ ಸೊಪ್ಪು ಕೊಯ್ದುಕೊಂಡು, ಪೂರಿಗಾಲಿಯಿಂದ ಮಳವಳ್ಳಿ, ಮಳವಳ್ಳಿಯಿಂದ ಮದ್ದೂರು, ಮದ್ದೂರಿನಿಂದ ಬೆಂಗಳೂರು ಎಂದು ಬಸ್ಸು ಹತ್ತಿಳಿದು ಸಂಜೆಯೊಳಗೆ ಬಂದೇಬಿಟ್ಟಳು. ನಾನು ಕೆಲಸ ಮಾಡುವ ಜಾಗವನ್ನು ಅವಳು ನೋಡಿದ್ದು ಅದೇ ಮೊದಲು. ಬಾಗಿಲಿನಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಬಂದವಳು ಎರಡು ಹೆಜ್ಜೆಗೆ ನಿಂತು ಮೂಗು ಅರಳಿಸಿದಳು.

"ಯಾವನ್ಲಾ ಇಲ್ಲಿ ಊದ್ಗಡ್ಡಿ ಅಚ್ದೋನು?" ಎಂದಳು.

ನಾನು ನೆಲ ನೋಡಿದೆ. ವಿನುತಾ ನನ್ನ ಮುಖ ನೋಡಿದಳು. ಅಕ್ಕ ಒಮ್ಮೆ ಅವಳ ಕೆಂಪಾದ ಕೈಗಳನ್ನು, ಒಮ್ಮೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು.

"ಯೋಳ್ಲಾ ಆ ಮಗೀಗೆ," ಎಂದಳು. "ಉಳ ಆಮ್ಯಾಕೆ ನೋಡಾನ. ಮೊದ್ಲು ಯೋಳು."

ಹೇಳಿದೆ. ಎಲ್ಲವನ್ನೂ ಹೇಳಿದೆ, ನಲ್ಲಿಯ ಹತ್ತಿರ ಸುಮ್ಮನೆ ನಿಂತದ್ದನ್ನೂ ಹೇಳಿದೆ. ವಿನುತಾ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಗೋಡೆಯ ಖಾಲಿ ಹಾಳೆಗಳ ಕಡೆ ಒಮ್ಮೆ ನೋಡಿ, ಒಂದು ತಟ್ಟೆ ತೆಗೆದು ನನ್ನ ಕೈಗೆ ಕೊಟ್ಟಳು. ಮೂವರೂ ಕೂತು ಸತ್ತ ಹುಳುಗಳನ್ನು ಆರಿಸಿ ತೆಗೆದೆವು. ಅಕ್ಕ ಉಳಿದವುಗಳ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ, ಹೊಸ ತಟ್ಟೆಗೆ ದೂರದೂರ ಬಿಟ್ಟು, ಎಳೆಯ ಸೊಪ್ಪನ್ನು ಚೂರು ಮಾಡಿ ಹಾಕಿದಳು. ಅರವತ್ತಕ್ಕೂ ಹೆಚ್ಚು ಹುಳುಗಳು ಸತ್ತಿದ್ದವು.

ಮೇಡಂಗೂ ನಾನೇ ಹೋಗಿ ಹೇಳಿದೆ. ತಪ್ಪು ನಿಮ್ಮದು, ಆ ಹುಡುಗಿಯದಲ್ಲ, ಆದ್ದರಿಂದ ನಾಳೆ ಬೆಳಿಗ್ಗೆಯವರೆಗೆ ಸಮಯ ಕೊಡುತ್ತೇನೆ, ಹುಳು ತಿನ್ನದಿದ್ದರೆ ಅಟ್ಟಣೆಯನ್ನು ನೀವೇ ಬಿಚ್ಚಬೇಕು ಎಂದರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಮರುದಿನ ಅಕ್ಕ ಮತ್ತು ನಾನು ಮದ್ದೂರಿನಿಂದ ಮೊದಲ ರೈಲು ಹಿಡಿದೆವು. ಸಭಾಂಗಣದ ಬಾಗಿಲಿಗೆ ಹೋದರೆ ವಿನುತಾ ಆಗಲೇ ಬಂದು ಹೊರಗೆ ನಿಂತಿದ್ದಳು. ಒಳಗೆ ಹೋಗಲು ಅವಳಿಗೆ ಧೈರ್ಯ ಸಾಲದೆ ಹೋಗಿತ್ತು. ನಾನು ಬೀಗ ತೆಗೆದೆ. ಯಾರೂ ಒಳಗೆ ಕಾಲಿಡಲಿಲ್ಲ, ಕಿವಿಗೊಟ್ಟು ನಿಂತೆವು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಬಲಗಡೆಯ ಅಟ್ಟಣೆಯಿಂದ ಸಣ್ಣಗೆ ಆ ತುಂತುರಿನ ಸದ್ದು ಬಂತು. ವಿನುತಾ ಅಕ್ಕನ ತೋಳು ಹಿಡಿದುಕೊಂಡಳು. ಅಷ್ಟು ವಯಸ್ಸಾದ ನಾನು ಬಾಗಿಲಿನಲ್ಲೇ ಅತ್ತುಬಿಟ್ಟೆ.

ಪ್ರದರ್ಶನ ಶುರುವಾಯಿತು. ಜನ ಬಂದರು. ಖಾಲಿ ಹಾಳೆ ನೋಡಿ ಮೂಗು ಮುರಿದವರೂ ಇದ್ದರು, ಸದ್ದು ಕೇಳಲು ಮತ್ತೆ ಮತ್ತೆ ಬಂದು ನೆಲದ ಮೇಲೆ ಕೂತವರೂ ಇದ್ದರು. ಅಕ್ಕ ದಿನ ಬಿಟ್ಟು ದಿನ ಮಳವಳ್ಳಿಯ ಬಸ್ಸಿನಲ್ಲಿ ಸೊಪ್ಪಿನ ಚೀಲ ಕಳಿಸುತ್ತಿದ್ದಳು. ನಾನು ಮದ್ದೂರಿನಲ್ಲಿ ಇಳಿಸಿಕೊಂಡು, ಒದ್ದೆ ಗೋಣಿಯಲ್ಲಿ ಸುತ್ತಿ ರೈಲಿಗೆ ಹತ್ತಿಸುತ್ತಿದ್ದೆ. ಬೋಗಿಯ ಗೆಳೆಯರು ಬೆಂಗಳೂರಿನಲ್ಲಿ ಕುರಿ ಸಾಕಿದ್ದೀಯೇನೋ ಎಂದು ಕೇಳಿದರು. ವಿಷಯ ತಿಳಿಸಿದ ಮೇಲೆ ಅವರಲ್ಲೇ ನಾಲ್ಕು ಜನ ಒಂದು ದಿನ ಕಚೇರಿ ಮುಗಿಸಿ ಗ್ಯಾಲರಿಗೆ ಬಂದರು. ಅರ್ಧ ಗಂಟೆ ಬಾಯಿ ಬಿಚ್ಚದೆ ನಿಂತಿದ್ದು ಹೋದರು. ಅವರು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಹುಳುಗಳು ಹಣ್ಣಾದವು. ಮೈ ಪಾರದರ್ಶಕವಾಗಿ, ಹಳದಿಗೆ ತಿರುಗಿ, ತಿನ್ನುವುದನ್ನು ಬಿಟ್ಟವು. ಗೂಡು ಕಟ್ಟಲು ಅವುಗಳನ್ನು ಚಂದ್ರಂಕಿಗೆ ಬಿಟ್ಟೆವು. ಚಂದ್ರಂಕಿ ಎಂದರೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಹೆಣೆದ ತಟ್ಟಿ. ಮೂರು ದಿನದಲ್ಲಿ ಸದ್ದಿಲ್ಲದೆ ಗೂಡುಗಳಾದವು. ಊರಿನಲ್ಲಾದರೆ ಐದನೇ ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ಕುದಿಯುವ ನೀರಿಗೆ. ಇಲ್ಲಿ ಹಾಗೇ ಬಿಟ್ಟೆವು. ಹತ್ತು ದಿನ ಕಳೆಯುವ ಹೊತ್ತಿಗೆ ಅಕ್ಕನಿಗೆ ತಡೆಯಲಾಗಲಿಲ್ಲ. ಚಿಟ್ಟೆ ಸೀಳಿಕೊಂಡು ಬಂದರೆ ನೂಲು ಬರದೆ ಗೂಡು ಹಾಳಾಗುತ್ತದಲ್ಲ ಎಂದು ಫೋನಿನಲ್ಲಿ ಗೊಣಗಿ, ಮದ್ದೂರಿಗೆ ಬಂದು ನಮ್ಮ ಮನೆಯಲ್ಲೇ ಉಳಿದಳು.

ಹನ್ನೊಂದನೇ ದಿನ ಬೆಳಿಗ್ಗೆ ನಾವು ಬಾಗಿಲು ತೆಗೆದಾಗ ಎದ್ದು ಬರುತ್ತಿದ್ದವು. ಗೂಡಿನ ತುದಿ ಒದ್ದೆಯಾಗುತ್ತದೆ. ಅಲ್ಲಿಂದ ಒಂದು ಪುಟ್ಟ ತಲೆ, ಆಮೇಲೆ ಮುದುರಿದ ರೆಕ್ಕೆ. ಹೊರಗೆ ಬಂದು, ಗೂಡನ್ನೇ ಹಿಡಿದುಕೊಂಡು, ರೆಕ್ಕೆ ಒಣಗಿಸಿಕೊಳ್ಳುತ್ತಾ ನಡುಗುತ್ತಿರುತ್ತದೆ. ಒಂದಲ್ಲ, ಎರಡಲ್ಲ. ನಾಲ್ಕೂ ಅಟ್ಟಣೆಯ ತುಂಬ ಬಿಳಿ ಚಿಟ್ಟೆಗಳು. ಇನ್ನೂರಕ್ಕೂ ಹೆಚ್ಚು ಜೊತೆ ರೆಕ್ಕೆಗಳು ಒಟ್ಟಿಗೆ ನಡುಗಿದರೆ ಅದಕ್ಕೂ ಒಂದು ಸದ್ದಿದೆ ಎಂದು ನನಗೆ ಆವತ್ತು ಗೊತ್ತಾಯಿತು. ಎಂತೆಂಥ ಕಲಾವಿದರ ಚಿತ್ರಗಳನ್ನು ನಾನು ಗೋಡೆಗೆ ಏರಿಸಿದ್ದೇನೆ. ಆ ಬೆಳಗಿನ ಮುಂದೆ ನಾನು ಏನೂ ಅಲ್ಲದವನಾಗಿ ನಿಂತೆ. ವಿನುತಾ ನೆಲದ ಮೇಲೆ ಕೂತು ಅಮ್ಮ ಅಮ್ಮ ಎನ್ನುತ್ತಿದ್ದಳು.

ಚಿಟ್ಟೆಗಳನ್ನು ಜೋಡಿಯಾಗಲು ಬಿಟ್ಟು, ಮಧ್ಯಾಹ್ನದ ಮೇಲೆ ಹೆಣ್ಣು ಚಿಟ್ಟೆಗಳನ್ನು ಬೇರೆ ಮಾಡಿದೆವು. ನಾನು ಹನ್ನೆರಡು ಹಾಳೆಗಳನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಹಾಸಿದೆ. ವಿನುತಾ ಅವುಗಳ ಮೇಲೆ ಒಂದೊಂದೇ ಚಿಟ್ಟೆ ಬಿಟ್ಟಳು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಹಾಳೆಗಳ ತುಂಬ ಹಳದಿ ಚುಕ್ಕಿಗಳು, ಒಂದರ ಪಕ್ಕ ಒಂದು, ಸುತ್ತು ಸುತ್ತಾಗಿ. ಒಂದು ಮೊಟ್ಟೆ ಇನ್ನೊಂದರ ಮೇಲೆ ಬಿದ್ದಿರಲಿಲ್ಲ. ಯಂತ್ರವನ್ನು ಪಕ್ಕಕ್ಕಿಟ್ಟು ಕಣ್ಣಳತೆಯಲ್ಲೇ ನಾನು ಆ ಹಾಳೆಗಳನ್ನು ಮತ್ತೆ ಗೋಡೆಗೆ ಏರಿಸಿದೆ. ಮೇಡಂ ಬಂದು ಒಂದೊಂದರ ಮುಂದೆಯೂ ನಿಂತರು.

ಅಕ್ಕ ಮಾತ್ರ ಹಾಳೆಗಳ ಕಡೆ ತಿರುಗಿರಲಿಲ್ಲ. ಮೊಟ್ಟೆ ಇಟ್ಟ ಹಾಳೆಯನ್ನು ಸರ್ಕಾರಿ ಕೇಂದ್ರದಿಂದ ತರುವುದು, ಗೂಡನ್ನು ಮಾರುಕಟ್ಟೆಗೆ ಕೊಡುವುದು, ಇವೆರಡೂ ನಲವತ್ತು ವರ್ಷದಿಂದ ಅವಳಿಗೆ ಗೊತ್ತಿರುವುದೇ. ಗೂಡಿಗೂ ಮೊಟ್ಟೆಗೂ ನಡುವೆ ಇರುವುದನ್ನು, ಎಲ್ಲೋ ಮೂಲೆಯಲ್ಲಿ ಮರೆತುಹೋದ ಒಂದೆರಡನ್ನು ಬಿಟ್ಟರೆ, ಅವಳು ಕಂಡಿರಲಿಲ್ಲ. ಅಟ್ಟಣೆಯ ಹತ್ತಿರ ನಿಂತು ಬೆರಳು ಚಾಚಿದಳು. ಒಂದು ಚಿಟ್ಟೆ ಮೆಲ್ಲಗೆ ಅವಳ ಬೆರಳಿಗೆ ಹತ್ತಿತು. ಅದನ್ನು ಕಣ್ಣಿನ ಹತ್ತಿರ ತಂದುಕೊಂಡು ಬಹಳ ಹೊತ್ತು ನೋಡಿದಳು.

"ಇಷ್ಟ್ ವರ್ಸ ನಾನು ಸಾಕಿದ್ದು ಇದ್ನೇನ್ಲಾ?" ಎಂದಳು.

ಚಿಟ್ಟೆಯನ್ನು ಜೋಪಾನವಾಗಿ ಗೂಡಿನ ಮೇಲೆ ಬಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಮುಂದಿನ ಬೆಳೆಯ ವಿಚಾರ ಹೇಳುವವಳಂತೆ ಹೇಳಿದಳು: "ಈ ಸಲ ಒಂದು ಚಂದ್ರಂಕಿ ಮಾರಲ್ಲ ಕಣ್ಲಾ. ಮನೇಲೇ ಇಟ್ಕತೀನಿ, ಎದ್ದು ಬರ್ಲಿ."